ಟ್ರಸ್ಟ್ ಪತ್ರ ಆಮೇಲೆ, ಟ್ರಸ್ಟಿ ಮೊದಲು

ಮಾನ್ಯರೇ,

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಆಸ್ತಿಗೆ ಮುಂದೇನು ಎಂಬ ಮಾತು ಬಂದಲ್ಲೆಲ್ಲ ಈಗೀಗ ‘ಮೃತ್ಯುಪತ್ರ ಯಾಕೆ, ಒಂದು ಟ್ರಸ್ಟ್ ಮಾಡಿಬಿಟ್ಟರಾಯಿತು’ ಎನ್ನುವವರು ಹೆಚ್ಚಿದ್ದಾರೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ, ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರೇ. ಕಾರವಾರ, ಅಂಕೋಲಾದ ಕಡೆ ಕಾರಣ ಬೇರೆ: ನೌಕಾನೆಲೆಗೋ ಹೆದ್ದಾರಿಗೋ ಜಾಗ ಹೋಗಿ ಪರಿಹಾರದ ಹಣ ಒಮ್ಮೆಲೇ ಕೈಗೆ ಬಂದಿರುತ್ತದೆ, ವಾರಸುದಾರರಲ್ಲಿ ಕೆಲವರು ಇನ್ನೂ ಶಾಲೆಗೆ ಹೋಗುವ ಮಕ್ಕಳು. ಇಂಥವರಿಗೆ ಇಪ್ಪತ್ತು ಪುಟದ ಟ್ರಸ್ಟ್ ಪತ್ರದ ಮಾದರಿಯೊಂದು ಎಲ್ಲಿಂದಲೋ ಸಿಗುತ್ತದೆ. ಪುಟಪುಟವನ್ನೂ ಓದುತ್ತಾರೆ, ಶಬ್ದ ತಿದ್ದುತ್ತಾರೆ. ಟ್ರಸ್ಟಿಯ, ಅಂದರೆ ಬೇರೆಯವರಿಗಾಗಿ ಆಸ್ತಿ ನೋಡಿಕೊಳ್ಳುವವರ, ಹೆಸರು ಬರೆಯುವ ಖಾಲಿ ಸಾಲನ್ನು ಮಾತ್ರ ಅರ್ಧ ನಿಮಿಷದಲ್ಲಿ ತುಂಬಿಬಿಡುತ್ತಾರೆ. ಅಲ್ಲಿ ಹಿರಿಯ ಮಗನ ಹೆಸರು ಬರುತ್ತದೆ, ಇಲ್ಲವೇ ಊರಲ್ಲಿ ನಾಲ್ಕು ಜನ ಕೈಮುಗಿಯುವ ಹಿರಿಯರದ್ದು. ಆ ಜಾಗಕ್ಕೆ ಬೇಕಾದದ್ದು ಇಪ್ಪತ್ತು ವರ್ಷ ಬೇಸರವಿಲ್ಲದೆ ಜಮಾ-ಖರ್ಚು ಬರೆಯುವ ಕೈ. ಈ ಪತ್ರ ಮುಖ್ಯವಾಗಿ ಆ ಒಂದು ಸಾಲಿನ ಬಗ್ಗೆ.

ಅದಕ್ಕೂ ಮೊದಲು ಹೇಳಬೇಕಾದದ್ದು, ಬಹಳಷ್ಟು ಮನೆಗಳಿಗೆ ಟ್ರಸ್ಟೇ ಬೇಕಿಲ್ಲ. ಮಕ್ಕಳು ಬೆಳೆದಿದ್ದಾರೆ, ತಮ್ಮ ಹಣ ತಾವು ನೋಡಿಕೊಳ್ಳುತ್ತಾರೆ ಎಂದಾದರೆ ಇಬ್ಬರು ಸಾಕ್ಷಿದಾರರ ಸಹಿಯಿರುವ ಮೃತ್ಯುಪತ್ರ ಸಾಕು. ಅದಕ್ಕೆ ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಸಾಕ್ಷಿದಾರರು ನಿಮಗಿಂತ ಚಿಕ್ಕವರಿರಲಿ. ತಕರಾರು ಎದ್ದರೆ ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ. ಟ್ರಸ್ಟ್ ಬೇಕಾಗುವುದು ಆಸ್ತಿ ಪಡೆಯುವವರಿಗೆ ಅದನ್ನು ನಡೆಸಲು ಆಗದಿದ್ದಾಗ: ಅಪ್ರಾಪ್ತ ಮೊಮ್ಮಕ್ಕಳು, ಬುದ್ಧಿ ಬೆಳವಣಿಗೆ ಕಡಿಮೆಯಿರುವ ಮಗ ಅಥವಾ ಮಗಳು, ಬ್ಯಾಂಕು-ಕಚೇರಿ ಅಲೆಯಲಾಗದ ಹೆಂಡತಿ. ಇನ್ನೊಂದು ಕಾರಣ ಕುಡಿತ ಮತ್ತು ಸಾಲ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಪತ್ರದಲ್ಲಿ ಬರೆಯುವ ಅಗತ್ಯವೂ ಇಲ್ಲ.

ನಮ್ಮಲ್ಲಿ ಟ್ರಸ್ಟ್ ಎಂದರೆ ದೇವಸ್ಥಾನದ್ದೋ ಶಾಲೆಯದ್ದೋ ನೆನಪಾಗುತ್ತದೆ. ಕುಟುಂಬದ ಖಾಸಗಿ ಟ್ರಸ್ಟ್ ಬೇರೆ. ಅದಕ್ಕೆ ಅನ್ವಯಿಸುವುದು 1882ರ ಭಾರತೀಯ ಟ್ರಸ್ಟ್ ಕಾಯಿದೆ. ಆಸ್ತಿ ಟ್ರಸ್ಟಿಯ ಕೈಗೆ ಹೋಗುತ್ತದೆ, ಅದರ ಅನುಭವ ಫಲಾನುಭವಿಗೆ. ಮನೆ, ಜಾಗ ಸೇರಿದ್ದರೆ ಪತ್ರ ಬರಹದಲ್ಲಿದ್ದು, ಸಹಿಯಾಗಿ, ನೋಂದಣಿಯಾಗಿರಬೇಕು, ಇಲ್ಲವೇ ಮೃತ್ಯುಪತ್ರದಲ್ಲಿ ಬಂದಿರಬೇಕು ಎನ್ನುತ್ತದೆ 5ನೇ ಕಲಂ. ಸಹಿಯಾದ 4 ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಮುದ್ರಾಂಕ ಶುಲ್ಕದಲ್ಲಿ ದಾನಪತ್ರದ ಬಾಬು ಬೇರೆ, ಟ್ರಸ್ಟ್ ಪತ್ರದ ಬಾಬು ಬೇರೆ. ಮಕ್ಕಳಿಗೆ ದಾನ ಕೊಡುವಾಗಿನ ರಿಯಾಯಿತಿ ಇಲ್ಲೂ ಇರುತ್ತದೆ ಎಂದುಕೊಂಡು ಹೋಗಬೇಡಿ. ಕರಡು ತೋರಿಸಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮೊದಲೇ ಲೆಕ್ಕ ಹಾಕಿಸಿಕೊಳ್ಳಿ.

ನೋಂದಣಿಯಾದ ಮೇಲೆ ಆಗುವ ಎಡವಟ್ಟು ಇನ್ನೂ ದೊಡ್ಡದು. ಪತ್ರ ಮನೆಗೆ ಬರುತ್ತದೆ, ಕಪಾಟಿನೊಳಗೆ ಹೋಗುತ್ತದೆ. ಠೇವಣಿ ಇನ್ನೂ ಅಪ್ಪನ ಹೆಸರಿನಲ್ಲೇ, ಮನೆಯ ಖಾತೆ ಹಳೆಯ ಹೆಸರಿನಲ್ಲೇ. ಖಾಲಿ ಕಣಜಕ್ಕೆ ಬೀಗ ಹಾಕಿದ ಹಾಗೆ. ಟ್ರಸ್ಟ್‌ಗೆ ಪ್ರತ್ಯೇಕ ಪ್ಯಾನ್ ತೆಗೆಸಬೇಕು. ಪತ್ರದ ಪ್ರತಿ, ಟ್ರಸ್ಟಿಗಳ ಠರಾವು, ಪ್ರತಿಯೊಬ್ಬರ ಗುರುತಿನ ದಾಖಲೆ ಕೊಟ್ಟು ಟ್ರಸ್ಟ್ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಬೇಕು. ಠೇವಣಿಯನ್ನು ಆ ಖಾತೆಯಿಂದಲೇ ಹೊಸದಾಗಿ ಇಡಬೇಕು. ಮನೆಯ ಖಾತೆ ಬದಲಾವಣೆಗೆ ಅರ್ಜಿ ಹಾಕಿ, ಬದಲಾದ ಉತಾರ (ಖಾತೆಯ ನಕಲು) ಕೈಗೆ ಬರುವವರೆಗೆ ಬೆನ್ನುಹತ್ತಬೇಕು. ನಾಮಿನಿ ಹಾಕಿದ್ದೇನಲ್ಲ ಎನ್ನುವವರಿದ್ದಾರೆ. ನಾಮಿನಿ ಹಣ ತೆಗೆದುಕೊಳ್ಳುವ ಕೈ ಮಾತ್ರ, ಮಾಲೀಕನಲ್ಲ. ಕಂಪನಿ ಷೇರುಗಳ ವಿಷಯದಲ್ಲಿಯೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಇದನ್ನೇ ಹೇಳಿದೆ.

ಬದುಕಿರುವಾಗಲೇ ಟ್ರಸ್ಟ್ ಮಾಡುವುದೋ, ಮೃತ್ಯುಪತ್ರದೊಳಗೆ ಬರೆದಿಡುವುದೋ? ಮೃತ್ಯುಪತ್ರದ ಟ್ರಸ್ಟನ್ನು ಕೊನೆಯುಸಿರಿನವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಬದುಕಿರುವಾಗ ಮಾಡಿದ್ದನ್ನು ಹಿಂತೆಗೆಯಬೇಕಾದರೆ ಆ ಹಕ್ಕನ್ನು ಪತ್ರದಲ್ಲೇ ಉಳಿಸಿಕೊಂಡಿರಬೇಕು, ಇಲ್ಲದಿದ್ದರೆ ಎಲ್ಲ ಫಲಾನುಭವಿಗಳೂ ಪ್ರಾಪ್ತರಾಗಿದ್ದು ಒಪ್ಪಬೇಕು (78ನೇ ಕಲಂ). ಹಕ್ಕು ಉಳಿಸಿಕೊಂಡರೆ ಟ್ರಸ್ಟ್‌ನ ವರಮಾನ ನಿಮ್ಮದೇ ವರಮಾನ ಎಂದು ತೆರಿಗೆ ಬೀಳುತ್ತದೆ. ಮೃತ್ಯುಪತ್ರದ ತೊಂದರೆಯೆಂದರೆ, ಯಾರಾದರೂ ಅದನ್ನೇ ಪ್ರಶ್ನಿಸಿದರೆ ಟ್ರಸ್ಟೂ ಕೋರ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ, ಅಷ್ಟು ದಿನ ಮಗುವಿನ ಔಷಧಕ್ಕೆ ಹಣವಿಲ್ಲ. ಹಾಗಾಗಿ ಅಂಗವೈಕಲ್ಯವಿರುವ ಮಗು ಇರುವ ಮನೆಗಳಿಗೆ ಎರಡನ್ನೂ ಸೇರಿಸುವುದು ಒಳ್ಳೆಯದು. ಈಗಲೇ ₹1-2 ಲಕ್ಷ ಹಾಕಿ ಚಿಕ್ಕ ಟ್ರಸ್ಟ್ ಶುರುಮಾಡಿ, ಉಳಿದದ್ದು ಮೃತ್ಯುಪತ್ರದ ಮೂಲಕ ಅದಕ್ಕೇ ಬಂದು ಸೇರಲಿ. ಟ್ರಸ್ಟಿಗಳು ನಿಮ್ಮ ಕಣ್ಣೆದುರೇ ನಾಲ್ಕಾರು ವರ್ಷ ಲೆಕ್ಕ ಬರೆಯಲಿ. ಬರೆಯದವರು ಯಾರು ಎಂಬುದು ಆಗಲೇ ತಿಳಿಯುತ್ತದೆ.

ಇನ್ನು ಟ್ರಸ್ಟಿ. ನಮ್ಮ ಕಡೆ ಹೆಚ್ಚಾಗಿ ಕಾಣುವ ಆಯ್ಕೆ, ಅಶಕ್ತನಾದ ತಮ್ಮನಿಗೆ ಅಣ್ಣನೇ ಟ್ರಸ್ಟಿ, ತಮ್ಮನ ನಂತರ ಉಳಿದದ್ದು ಅಣ್ಣನ ಮಕ್ಕಳಿಗೆ. ಅಣ್ಣ ಎಷ್ಟೇ ಒಳ್ಳೆಯವನಿರಲಿ, ತಮ್ಮನ ಹಲ್ಲಿನ ಚಿಕಿತ್ಸೆಗೆ ಖರ್ಚು ಮಾಡದೆ ಬಿಟ್ಟ ಪ್ರತಿ ರೂಪಾಯಿಯೂ ಅವನ ಮಕ್ಕಳಿಗೆ ಉಳಿಯುವ ರೂಪಾಯಿ. ಫಲಾನುಭವಿಯ ಹಿತಕ್ಕೆ ವಿರುದ್ಧವಾದ ಹಿತವುಳ್ಳವರು ತಕ್ಕ ಟ್ರಸ್ಟಿಯಲ್ಲ ಎಂದು 60ನೇ ಕಲಮಿನ ವಿವರಣೆಯೇ ಹೇಳುತ್ತದೆ. ಅಣ್ಣನನ್ನು ಬಿಡಲೇಬೇಕೆಂದಿಲ್ಲ, ಅವನೊಬ್ಬನನ್ನೇ ಇಡಬಾರದು. ಜೊತೆಗೆ ತಾಯಿಯ ಕಡೆಯಿಂದ, ಈ ಆಸ್ತಿಯಲ್ಲಿ ಚಿಕ್ಕಾಸೂ ಬಾರದ ಒಬ್ಬರಿರಲಿ. ಪಕ್ಕದ ತೋಟದ ದಾಯಾದಿಯನ್ನು ಮಾಡುವುದಂತೂ ಬೇಡ. ನೀರು, ದಾರಿ, ಬೇಲಿ ಎಂದು ಒಂದಲ್ಲ ಒಂದು ತಕರಾರು ಅಲ್ಲಿ ಇದ್ದೇ ಇರುತ್ತದೆ. ಆಸ್ತಿ ಮಾರುವ ಹೊಣೆ ಹೊತ್ತ ಟ್ರಸ್ಟಿ ಅದನ್ನು ತಾನೇ ಕೊಳ್ಳುವಂತಿಲ್ಲ, ಬೇರೆಯವರ ಹೆಸರಿನಲ್ಲೂ ಕೊಳ್ಳುವಂತಿಲ್ಲ (52ನೇ ಕಲಂ). ಆದರೆ ಕೊಂಡ ಮೇಲೆ ಬಿಡಿಸಿಕೊಳ್ಳಲು ಕೋರ್ಟು ಹತ್ತುವವರು ಯಾರು? ಮಾತು ಬಾರದ ಆ ಹುಡುಗನೇ?

ಹೊರದೇಶದಲ್ಲಿರುವ ಮಗ ಎರಡನೆಯ ಸಾಮಾನ್ಯ ಆಯ್ಕೆ. ಹೊರದೇಶದಲ್ಲಿ ನೆಲೆನಿಂತವರನ್ನೂ ಅದೇ 60ನೇ ಕಲಂ ತಕ್ಕವರಲ್ಲ ಎನ್ನುತ್ತದೆ. ಟ್ರಸ್ಟಿ ಸತತ 6 ತಿಂಗಳು ಭಾರತದಲ್ಲಿ ಇಲ್ಲದಿದ್ದರೆ ಅವರ ಜಾಗಕ್ಕೆ ಬೇರೆಯವರನ್ನು ನೇಮಿಸಲು 73ನೇ ಕಲಂ ದಾರಿ ಮಾಡಿಕೊಡುತ್ತದೆ. ಕಾನೂನು ಬದಿಗಿರಲಿ, ಬ್ಯಾಂಕಿನ ಪ್ರತಿ ಸಹಿಗೆ ಕೊರಿಯರ್ ಕಾಯುವ ಟ್ರಸ್ಟ್ ನಡೆಯುವುದಿಲ್ಲ. ಅಂಥ ಮಗನಿಗೆ ಕೊಡಬೇಕಾದದ್ದು ಬೇರೆ ಕೆಲಸ. ಟ್ರಸ್ಟಿಗಳನ್ನು ನೇಮಿಸುವ, ತೆಗೆಯುವ ಅಧಿಕಾರ ಅವನಿಗಿರಲಿ, ವರ್ಷದ ಲೆಕ್ಕ ಅವನಿಗೆ ಹೋಗಲಿ. ದಿನದ ವ್ಯವಹಾರ ಇಲ್ಲಿರುವವರದು. ದೂರದಿಂದ ಈ ಕಾವಲು ಚೆನ್ನಾಗಿಯೇ ನಡೆಯುತ್ತದೆ.

ಎಷ್ಟು ಜನ? ಹಣ ಪಡೆದು ಇಟ್ಟುಕೊಳ್ಳುವ ಕೆಲಸವಿದ್ದರೆ ಕನಿಷ್ಠ ಇಬ್ಬರು ಎಂದು ಕಾಯಿದೆ. ಪತ್ರದಲ್ಲಿ ಬೇರೆ ಹೇಳದಿದ್ದರೆ ಎಲ್ಲ ಟ್ರಸ್ಟಿಗಳೂ ಸೇರಿಯೇ ಸಹಿ ಮಾಡಬೇಕು (48ನೇ ಕಲಂ). ಇಬ್ಬರೇ ಇದ್ದು ಒಬ್ಬರು ಹಾಸಿಗೆ ಹಿಡಿದರೆ ಖಾತೆ ನಿಂತಂತೆಯೇ. ಆದ್ದರಿಂದ ಮೂವರು, ಯಾರಾದರೂ ಇಬ್ಬರ ಸಹಿ ಸಾಕು ಎಂಬ ಸಾಲು. ಗಂಡ-ಹೆಂಡತಿಯನ್ನು ಇಬ್ಬರು ಎಂದು ಎಣಿಸಬೇಡಿ. ವಯಸ್ಸನ್ನು ನಿಮ್ಮ ಲೆಕ್ಕದಲ್ಲಿ ನೋಡಬೇಡಿ, ಫಲಾನುಭವಿಯ ಲೆಕ್ಕದಲ್ಲಿ ನೋಡಿ. ಮಗಳಿಗೆ 15, ನೀವು ಆರಿಸಿದ ಗೆಳೆಯರಿಗೆ 68. ಮಗಳಿಗೆ 30 ಆಗುವಾಗ ಅವರಿಗೆ 83. ಹಾಗಾಗಿ ಪ್ರತಿ ಹೆಸರಿನ ಮುಂದೆ ‘ಇವರ ನಂತರ ಇಂಥವರು’ ಎಂದು ಬರೆಯಿರಿ, 75ಕ್ಕೆ ನಿವೃತ್ತಿ ಎಂದೂ ಬರೆಯಿರಿ. ಒಮ್ಮೆ ಒಪ್ಪಿಕೊಂಡ ಟ್ರಸ್ಟಿ ಪತ್ರದಲ್ಲಿ ಅವಕಾಶವಿಲ್ಲದೆ, ಪ್ರಾಪ್ತ ಫಲಾನುಭವಿಯ ಒಪ್ಪಿಗೆಯಿಲ್ಲದೆ, ಕೋರ್ಟಿನ ಅನುಮತಿಯೂ ಇಲ್ಲದೆ ಸುಮ್ಮನೆ ಕೈಬಿಡುವಂತಿಲ್ಲ (46ನೇ ಕಲಂ). ಮಾದರಿ ಪತ್ರಗಳಲ್ಲಿ ರಾಜೀನಾಮೆಯ ಸಾಲು ಇಲ್ಲದಿದ್ದರೆ ಸೇರಿಸಿ.

ಟ್ರಸ್ಟಿಗೆ ಸಂಭಾವನೆ ಕೊಡುವ ಮಾತು ಎತ್ತಿದರೆ ನಮ್ಮವರಿಗೆ ಮುಜುಗರ. ಪತ್ರದಲ್ಲಿ ಬರೆಯದಿದ್ದರೆ ಟ್ರಸ್ಟಿಗೆ ಸಂಭಾವನೆಯ ಹಕ್ಕಿಲ್ಲ, ಕೈಯಿಂದ ಹಾಕಿದ ಖರ್ಚು ಮಾತ್ರ ಸಿಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಸಣ್ಣದೇ ಆದರೂ ಒಂದು ಮೊತ್ತ ಬರೆಯಬೇಕು. ಪುಕ್ಕಟೆ ದುಡಿಯುವವರ ಬಳಿ ಲೆಕ್ಕ ಕೇಳಲು ಯಾರಿಗೂ ಬಾಯಿ ಬರುವುದಿಲ್ಲ. ದೊಡ್ಡ ಬ್ಯಾಂಕುಗಳ ಅಂಗಸಂಸ್ಥೆಗಳು ಶುಲ್ಕ ಪಡೆದು ಟ್ರಸ್ಟಿಯಾಗುತ್ತವೆ. ಠೇವಣಿ, ಷೇರು ನೋಡಿಕೊಳ್ಳಲು ಅವು ಸರಿ. ಮಳೆ ಹಿಡಿಯುವ ಮೊದಲು ಅಡಿಕೆಯ ಕೊಳೆರೋಗಕ್ಕೆ ಔಷಧ ಹೊಡೆಸಲು, ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನನ್ನು ಹುಡುಕಲು ಅವು ಬರುವುದಿಲ್ಲ.

ಹೆಸರು ಬರೆಯುವ ಮೊದಲು ಆ ವ್ಯಕ್ತಿಯನ್ನು ಎದುರು ಕೂರಿಸಿ ಕೇಳಿ. ಸೊಸೈಟಿಯಲ್ಲಿ ಎಷ್ಟು ಜನರ ಸಾಲಕ್ಕೆ ಜಾಮೀನು ನಿಂತಿದ್ದೀರಿ? ಸ್ವಂತ ಮನೆಯ ಖರ್ಚು ಬರೆದಿಡುತ್ತೀರಾ? ನಿಮ್ಮ ಮನೆಯಲ್ಲಿ ಒಪ್ಪಿಗೆ ಇದೆಯಾ? ಮೊದಲನೆಯ ಪ್ರಶ್ನೆ ಕೇಳಲು ಕಷ್ಟ, ಆದರೆ ತುಂಬ ಕೆಲಸಕ್ಕೆ ಬರುವುದು ಅದೇ. ಸಾಲದ ಸುಳಿಯಲ್ಲಿರುವವರ ಕೈಯಲ್ಲಿ ಬೇರೆಯವರ ಹಣ ನಿಲ್ಲುವುದಿಲ್ಲ. ಟ್ರಸ್ಟಿಯಾಗಲು ಯಾರನ್ನೂ ಕಾನೂನು ಒತ್ತಾಯಿಸುವುದಿಲ್ಲ. ಕೇಳದೆ ಬರೆದ ಹೆಸರು ನಿಮ್ಮ ನಂತರ ‘ನನಗಾಗದು’ ಎಂದುಬಿಟ್ಟರೆ ಮುಗಿಯಿತು.

ಪತ್ರದ ಒಂದೇ ಒಂದು ಸಾಲು ನೋಡೋಣ. ಮಾದರಿಗಳಲ್ಲಿ ಇರುವುದು ಹೀಗೆ: ‘ಟ್ರಸ್ಟಿಗಳು ತಮಗೆ ಯುಕ್ತ ಕಂಡಂತೆ ಫಲಾನುಭವಿಯ ಯೋಗಕ್ಷೇಮ ನೋಡಿಕೊಳ್ಳತಕ್ಕದ್ದು.’ ಇದನ್ನು ಹಿಡಿದು ಯಾರನ್ನೂ ಪ್ರಶ್ನಿಸಲಾಗುವುದಿಲ್ಲ. ಇದರ ಜಾಗಕ್ಕೆ ಹೀಗೆ ಬರಲಿ: ‘ಪ್ರತಿ ತಿಂಗಳ 5ನೇ ತಾರೀಕಿನೊಳಗೆ ಊಟ, ಔಷಧ, ಆರೈಕೆಯವರ ಸಂಬಳಕ್ಕೆ ಬೇಕಾದ ಹಣವನ್ನು ಬ್ಯಾಂಕ್ ಮೂಲಕವೇ ಕೊಡತಕ್ಕದ್ದು. ವರಮಾನ ಸಾಲದಿದ್ದರೆ ವರ್ಷಕ್ಕೆ ಅಸಲಿನ ನೂರಕ್ಕೆ ಐದರವರೆಗೆ ತೆಗೆಯಬಹುದು. ಅದಕ್ಕೂ ಮೀರಿದರೆ ಮೂವರ ಸಹಿ ಬೇಕು. ಮಾರ್ಚ್ 31ಕ್ಕೆ ಮುಗಿದ ವರ್ಷದ ಜಮಾ-ಖರ್ಚನ್ನು ಜೂನ್ 30ರೊಳಗೆ ಇಂಥವರಿಗೆ ಕಳಿಸತಕ್ಕದ್ದು.’ ತಾರೀಕು ಇರುವ ಸಾಲು ತಪ್ಪಿದರೆ ತಪ್ಪಿದ್ದು ಕಾಣುತ್ತದೆ.

ಆ ಜಮಾ-ಖರ್ಚು ಹೇಗಿರುತ್ತದೆ ಎಂಬುದಕ್ಕೆ ಒಂದು ಕಾಲ್ಪನಿಕ ಲೆಕ್ಕ. ಕಾರವಾರದಲ್ಲಿ ಬಾಡಿಗೆಗೆ ಕೊಟ್ಟ ಹೆಂಚಿನ ಮನೆ, ತಿಂಗಳಿಗೆ ₹12,000, ವರ್ಷಕ್ಕೆ ₹1,44,000. ₹20 ಲಕ್ಷ ಠೇವಣಿಗೆ ಶೇ 6.5ರಂತೆ ₹1,30,000. ಒಟ್ಟು ₹2,74,000. ಆರೈಕೆಯವರಿಗೆ ತಿಂಗಳಿಗೆ ₹10,000, ಊಟ-ಔಷಧಕ್ಕೆ ₹6,000, ಎರಡೂ ಸೇರಿ ವರ್ಷಕ್ಕೆ ₹1,92,000. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವುದು, ಪಕಾಸು-ರೀಪು ಬದಲಿಸುವುದು, ಮನೆ ತೆರಿಗೆ ಎಂದು ₹30,000. ಲೆಕ್ಕಪತ್ರ, ತೆರಿಗೆ ವಿವರ ಸಲ್ಲಿಕೆಗೆ ₹8,000. ಉಳಿಯುವುದು ₹44,000. ಇದನ್ನು ನೋಡಿ ಸಾಕಷ್ಟಾಯಿತು ಎನ್ನಬೇಡಿ. ಖರ್ಚು ವರ್ಷಕ್ಕೆ ಶೇ 6 ಏರಿದರೆ 12 ವರ್ಷಕ್ಕೆ ದುಪ್ಪಟ್ಟಾಗುತ್ತದೆ, ಠೇವಣಿಯ ಬಡ್ಡಿ ಅಲ್ಲೇ ಇರುತ್ತದೆ. ಆ ₹44,000 ಪ್ರತಿ ವರ್ಷ ಅಸಲಿಗೆ ಸೇರಬೇಕು ಎಂದು ಪತ್ರದಲ್ಲಿ ಇರಬೇಕು.

ಠೇವಣಿ ಎಲ್ಲಿಡಬೇಕು ಎಂಬುದನ್ನೂ ಬರೆಯಿರಿ. ಹಣವನ್ನು ಪತ್ರದಲ್ಲಿ ಒಪ್ಪಿಗೆ ಕೊಟ್ಟ ಕಡೆ, ಇಲ್ಲವೇ ಕೇಂದ್ರ ಸರ್ಕಾರ ಸೂಚಿಸಿದ ಕಡೆ ಮಾತ್ರ ತೊಡಗಿಸಬೇಕೆಂಬುದು 20ನೇ ಕಲಂ. ಅರ್ಧ ಪರ್ಸೆಂಟ್ ಬಡ್ಡಿ ಹೆಚ್ಚು ಎಂದು ಪತ್ತಿನ ಸಂಘಗಳಲ್ಲಿ ಇಡುವ ರೂಢಿ ನಮ್ಮ ಜಿಲ್ಲೆಯಲ್ಲಿದೆ. ಠೇವಣಿ ವಿಮೆ ಇರುವುದು ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳೂ ಸೇರಿ, ಅದೂ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ ₹5 ಲಕ್ಷದವರೆಗೆ. ಪತ್ತಿನ ಸಂಘಗಳಿಗೆ ಅದಿಲ್ಲ. ಸ್ವಂತ ಹಣವನ್ನು ಎಲ್ಲಾದರೂ ಇಡಿ. ಅಶಕ್ತ ಮಗುವಿನ ₹20 ಲಕ್ಷವನ್ನು ಹಂಚಿ ಇಡಿ.

ತೆರಿಗೆಯ ಮಾತು ಚಿಕ್ಕದಾಗಿ. ಯಾರಿಗೆ ಎಷ್ಟು ಪಾಲು ಎಂದು ಪತ್ರದಲ್ಲಿ ಖಚಿತವಿದ್ದರೆ ಬಾಡಿಗೆ, ಬಡ್ಡಿಯ ಮೇಲಿನ ತೆರಿಗೆ ಫಲಾನುಭವಿಯ ದರದಲ್ಲೇ ಬೀಳುತ್ತದೆ. ಮೇಲಿನ ಲೆಕ್ಕದಲ್ಲಿ ಅಶಕ್ತ ಮಗನೊಬ್ಬನೇ ಫಲಾನುಭವಿ, ಬೇರೆ ವರಮಾನವಿಲ್ಲ ಎಂದರೆ ತೆರಿಗೆ ಸೊನ್ನೆ. 2025-26ರ ಹೊಸ ಪದ್ಧತಿಯಲ್ಲಿ ₹4 ಲಕ್ಷದವರೆಗೆ ವಿನಾಯಿತಿ ಇದೆ. ‘ಮಗನಿಗೂ ಅವನ ಅಣ್ಣನ ಮಕ್ಕಳಿಗೂ ಟ್ರಸ್ಟಿಗಳಿಗೆ ಸರಿಕಂಡಷ್ಟು’ ಎಂದು ಬರೆದು, ಆ ಮಕ್ಕಳಿಗೆ ತೆರಿಗೆ ಬೀಳುವಷ್ಟು ಸ್ವಂತ ವರಮಾನ ಇದ್ದರೆ, ಇಡೀ ಮೊತ್ತಕ್ಕೆ ಗರಿಷ್ಠ ದರ. ಬಾಡಿಗೆಯಲ್ಲಿ ಶೇ 30 ಕಳೆದ ಮೇಲೂ ₹70 ಸಾವಿರಕ್ಕೆ ಕಡಿಮೆಯಿಲ್ಲದೆ ಹೋಗುತ್ತದೆ. ಪ್ರೀತಿಯಿಂದ ಸೇರಿಸಿದ ಒಂದು ಸಾಲಿನ ಬೆಲೆ ಅದು.

ಅಪ್ರಾಪ್ತ ಮೊಮ್ಮಗನ ಟ್ರಸ್ಟಿನಲ್ಲಿ ಇನ್ನೊಂದು ತೊಡಕು. ‘ಆಸ್ತಿ ಮೊಮ್ಮಗನದು, 25 ವರ್ಷವಾದಾಗ ಕೊಡಿ’ ಎಂದರೆ 18 ತುಂಬಿದ ಮರುದಿನವೇ ಅವನು ಕೇಳಬಹುದು. ಒಬ್ಬನೇ ಫಲಾನುಭವಿಯಿದ್ದು ಅವನು ಪ್ರಾಪ್ತನಾಗಿದ್ದರೆ ಆಸ್ತಿ ವರ್ಗಾಯಿಸೆಂದು ಟ್ರಸ್ಟಿಗೆ ಹೇಳುವ ಹಕ್ಕು 56ನೇ ಕಲಮಿನಲ್ಲಿದೆ. 25ರವರೆಗೆ ವರಮಾನ ಓದಿಗೆ, 25 ತುಂಬಿದರೆ ಆಸ್ತಿ ಅವನದು, ಅದಕ್ಕೂ ಮೊದಲು ಅವನಿಗೇನಾದರೂ ಆದರೆ ಇಂಥವರದು ಎಂದು ಮೂರನ್ನೂ ಬಿಡಿಸಿ ಬರೆಯಬೇಕು.

ಟ್ರಸ್ಟ್‌ಗೆ ಏನನ್ನು ಹಾಕಬಾರದು? ಪಿತ್ರಾರ್ಜಿತ ಜಮೀನನ್ನು ವಾಟ್ನಿ (ಪಾಲು) ಆಗದೆ ಒಬ್ಬರ ಸಹಿಯಲ್ಲಿ ಹಾಕಲು ಬರುವುದಿಲ್ಲ. ಹೆಣ್ಣುಮಕ್ಕಳೂ 2005ರ ತಿದ್ದುಪಡಿಯಿಂದ ಸಮಪಾಲುದಾರರು, 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಆ ಬಗ್ಗೆ ಸಂಶಯವಿಲ್ಲ. ಮೃತ್ಯುಪತ್ರದಲ್ಲಿ ನಿಮ್ಮ ಪಾಲನ್ನಷ್ಟೇ ಬರೆಯಬಹುದು. ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಅರಣ್ಯದ ಜಾಗ, ತೋಟದ ಜೊತೆಗಿರುವ ಸವಲತ್ತು, ಮಾಲ್ಕಿ (ಸ್ವಂತ ಒಡೆತನ) ಅಲ್ಲ. ಅದನ್ನು ಆಸ್ತಿ ಪಟ್ಟಿಯಲ್ಲಿ ಎಕರೆ ಲೆಕ್ಕದಲ್ಲಿ ಬರೆದರೆ ಪತ್ರವೇ ಹಾಸ್ಯಾಸ್ಪದವಾಗುತ್ತದೆ. ಅರಣ್ಯ ಹಕ್ಕು ಕಾಯಿದೆಯಲ್ಲಿ ಸಿಕ್ಕ ಜಾಗ ವಾರಸಾ ಬರುತ್ತದೆ, ಪರಭಾರೆ ಮಾಡಲಾಗದು. ಪರಿಶಿಷ್ಟರಿಗೆ ಮಂಜೂರಾದ ಜಮೀನಿಗೆ ಸರ್ಕಾರದ ಅನುಮತಿ ಬೇಕು. ಮಾಲ್ಕಿ ತೋಟವನ್ನೂ ಹೊರಗಿಡುವುದೇ ಲೇಸು. ಬೆಳೆಸಾಲ, ಬೆಳೆ ವಿಮೆ ಎಲ್ಲವೂ ಪಹಣಿಯಲ್ಲಿರುವ ರೈತನ ಹೆಸರಿಗೆ ಅಂಟಿಕೊಂಡಿವೆ. ಪಿಎಂ ಕಿಸಾನ್ ಅಂತೂ ಸಾಂಸ್ಥಿಕ ಭೂಮಾಲೀಕರಿಗೆ ಇಲ್ಲವೇ ಇಲ್ಲ. ತೋಟ ಮೃತ್ಯುಪತ್ರದಲ್ಲಿ ನಡೆಸುವವರಿಗೆ ಹೋಗಲಿ, ಹಣ ಮತ್ತು ಪೇಟೆಯ ಮನೆ ಟ್ರಸ್ಟ್‌ಗೆ ಬರಲಿ. ಭಟ್ಕಳ, ಹೊನ್ನಾವರದ ಮುಸ್ಲಿಂ ಓದುಗರು ಗಮನಿಸಬೇಕಾದದ್ದು: ವಾರಸುದಾರರ ಒಪ್ಪಿಗೆಯಿಲ್ಲದೆ ಮೃತ್ಯುಪತ್ರದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರೆಯಲು ಬರುವುದಿಲ್ಲ.

ಹಣ ಕಡಿಮೆ ಇರುವವರಿಗೂ ಒಂದು ಟ್ರಸ್ಟ್ ಇದೆ, ಯಾಕೋ ಅದನ್ನು ಯಾರೂ ಹೇಳುವುದಿಲ್ಲ. ಮದುವೆಯಾದ ಗಂಡಸು ಜೀವವಿಮೆ ಮಾಡಿಸುವಾಗಲೇ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯಿದೆಯ ಫಾರ್ಮ್ ತುಂಬಿ, ಹೆಂಡತಿ-ಮಕ್ಕಳ ಹೆಸರು, ಟ್ರಸ್ಟಿಯ ಹೆಸರು ಬರೆದುಕೊಟ್ಟರೆ ಆ ಪಾಲಿಸಿಯೇ ಟ್ರಸ್ಟ್. ನೋಂದಣಿ ಬೇಡ. ಸಾಲಗಾರರು ಆ ಹಣಕ್ಕೆ ಕೈಹಾಕುವಂತಿಲ್ಲ. ಅವನೂ ಆಮೇಲೆ ಅದನ್ನು ತನಗೆಂದು ಮುರಿಸಿಕೊಳ್ಳುವಂತಿಲ್ಲ.

ಬೌದ್ಧಿಕ ಅಂಗವೈಕಲ್ಯವಿರುವ ಮಗುವಿಗೆ 18 ತುಂಬಿದ ಮೇಲೆ ತಂದೆತಾಯಿಯೂ ತಾವಾಗಿಯೇ ಪೋಷಕರಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸ್ಥಳೀಯ ಸಮಿತಿಗೆ, ಅಂದರೆ ನಮಗೆ ಕಾರವಾರಕ್ಕೆ, ಅರ್ಜಿ ಹಾಕಿ ಪೋಷಕತ್ವ ಪಡೆಯಬೇಕು. ನೇಮಕವಾದ 6 ತಿಂಗಳೊಳಗೆ ಆಸ್ತಿ ಪಟ್ಟಿ, ಪ್ರತಿ ಆರ್ಥಿಕ ವರ್ಷ ಮುಗಿದ 3 ತಿಂಗಳೊಳಗೆ ಲೆಕ್ಕ ಕೊಡಬೇಕು. ಈ ಪೋಷಕರೂ ಟ್ರಸ್ಟಿಯೂ ಒಬ್ಬರೇ ಆಗದಿರಲಿ. ಪೋಷಕರು ‘ಹುಡುಗನಿಗೆ ಹೊಸ ಕನ್ನಡಕ ಬೇಕು’ ಎನ್ನುತ್ತಾರೆ, ಟ್ರಸ್ಟಿ ಬಿಲ್ ನೋಡಿ ಹಣ ಕೊಡುತ್ತಾರೆ. ಕೇಳುವ ಬಾಯಿಯೂ ಕೊಡುವ ಕೈಯೂ ಒಬ್ಬರದೇ ಆದರೆ ಕೇಳದೇ ಇರುವುದೂ ಸುಲಭ, ಕೇಳದೇ ತೆಗೆಯುವುದೂ ಸುಲಭ.

ಕೊನೆಗೆ ಮೂಲ ಪತ್ರ ಇಡುವ ಜಾಗ. ನಮ್ಮ ಮಳೆಗಾಲದ ತೇವಕ್ಕೆ, ಗೆದ್ದಲಿಗೆ ಮನೆಯ ಕಪಾಟು ಸುರಕ್ಷಿತವಲ್ಲ. ಲಾಕರ್ ಎನ್ನುತ್ತೀರಾದರೆ ಅದು ನಿಮ್ಮೊಬ್ಬರ ಹೆಸರಿನಲ್ಲಿ ಇರದಿರಲಿ. ಮೃತ್ಯುಪತ್ರ ಬೇಕಾಗುವ ದಿನವೇ ಆ ಲಾಕರ್ ತೆರೆಯಲು ಬ್ಯಾಂಕು ಕಾಗದಪತ್ರ ಕೇಳುತ್ತದೆ. ಮೃತ್ಯುಪತ್ರವನ್ನು ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯವರಲ್ಲಿ ಇಡಲೂಬಹುದು. ಪ್ರತಿ ಟ್ರಸ್ಟಿಯ ಕೈಯಲ್ಲಿ ಒಂದೊಂದು ನಕಲು, ಅದರ ಹಿಂಬದಿಯಲ್ಲಿ ಮೂಲ ಎಲ್ಲಿದೆ, ಬ್ಯಾಂಕ್ ಖಾತೆ ಯಾವ ಶಾಖೆಯಲ್ಲಿದೆ, ಯಾವ ಔಷಧ ಎಷ್ಟು ಹೊತ್ತಿಗೆ ಎಂದು ಅಮ್ಮನ ಕೈಬರಹದಲ್ಲೇ ಬರೆದ ಒಂದು ಹಾಳೆ ಇರಲಿ.

– ಮೃತ್ಯುಪತ್ರ, ಟ್ರಸ್ಟ್ ದಸ್ತಾವೇಜು ಬರೆಯುವ ಇಬ್ಬರು ವಕೀಲರು, ಶಿರಸಿ